ಗ್ಯಾರೇಜ್ ಬಾಗಿಲಿನ ಸ್ಪ್ರಿಂಗ್ ಮುರಿದಾಗ

ಗ್ಯಾರೇಜ್ ಬಾಗಿಲನ್ನು ಮೇಲಕ್ಕೆತ್ತುವುದು ಮೋಟಾರು ಎಂಬ ತಪ್ಪು ತಿಳಿವಳಿಕೆ ಅದನ್ನು ದಿನವೂ ಬಳಸುವವರಲ್ಲೂ ಇದೆ. ಅಮೆರಿಕ, ಕೆನಡಾದ ಮನೆಗಳಲ್ಲಿ ಕಾಣುವ ಈ ಬಾಗಿಲು ನಾಲ್ಕೈದು ಅಡ್ಡ ಹಲಗೆಗಳನ್ನು ಕೀಲುಗಳಿಂದ ಪೋಣಿಸಿ ಮಾಡಿದ್ದು. ಒಂದು ಕಾರಿನ ಗ್ಯಾರೇಜಿಗೆ ಸುಮಾರು 9 ಅಡಿ ಅಗಲ, 7 ಅಡಿ ಎತ್ತರದ ಬಾಗಿಲು ಇರುತ್ತದೆ. ಎರಡು ಕಾರಿನದಕ್ಕೆ ಅಗಲ 16 ಅಡಿ. ತೆಳು ಉಕ್ಕಿನದಾದರೆ ಚಿಕ್ಕ ಬಾಗಿಲು 40ರಿಂದ 70 ಕಿಲೋ, ದೊಡ್ಡದು 70ರಿಂದ 120 ಕಿಲೋ ತೂಗುತ್ತದೆ. ಗಟ್ಟಿ ಮರದ್ದಾದರೆ ತೂಕ ಇನ್ನೂ ಹೆಚ್ಚು. ಇಷ್ಟು ಭಾರವನ್ನು ಶಾಲೆಗೆ ಹೋಗುವ ಮಗುವೂ ಒಂದೇ ಕೈಯಲ್ಲಿ ಎತ್ತುವಂತೆ ಮಾಡಿರುವುದು ಬಾಗಿಲಿನ ನೆತ್ತಿಯ ಮೇಲೆ ಗೋಡೆಗೆ ಹೊಂದಿಕೊಂಡಿರುವ ಸ್ಪ್ರಿಂಗು. ಅದು ಮುರಿದ ದಿನ ಬಾಗಿಲಿನ ನಿಜವಾದ ತೂಕ ಮನೆಯವರಿಗೆ ಮೊದಲ ಬಾರಿ ಗೊತ್ತಾಗುತ್ತದೆ.

ಮೇಲಕ್ಕೆ ಸರಿದು ಚಾವಣಿಯ ಕೆಳಗೆ ಮಲಗುವ ಈ ಬಗೆಯ ಬಾಗಿಲನ್ನು 1921ರಲ್ಲಿ ರೂಪಿಸಿದವರು ಸಿ. ಜಿ. ಜಾನ್ಸನ್. ಐದು ವರ್ಷ ಕಳೆದು, 1926ರಲ್ಲಿ, ಅದಕ್ಕೆ ವಿದ್ಯುತ್ ಓಪನರನ್ನೂ ಅವರೇ ತಂದರು. ಇಂದು ಡಲ್ಲಾಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಬೇ ಏರಿಯಾಗಳಲ್ಲಿ ನೆಲೆಸಿರುವ ಎಷ್ಟೋ ಕನ್ನಡ ಕುಟುಂಬಗಳಿಗೆ ಮುಂಬಾಗಿಲು ನೆಂಟರಿಗೆ, ಕೊರಿಯರಿನವರಿಗೆ ಮೀಸಲು. ಮನೆಯವರ ಓಡಾಟವೆಲ್ಲ ಗ್ಯಾರೇಜ್ ಬಾಗಿಲಿನಿಂದಲೇ.

ಇದರ ಹಿಂದಿನ ತತ್ವ ಹಳೆಯದು. ಬಾವಿಯ ಏತದ ಹಿಂತುದಿಗೆ ಕಲ್ಲು ಕಟ್ಟಿದರೆ ನೀರು ತುಂಬಿದ ಬಾನಿ ತಾನೇ ಹಗುರಾಗಿ ಮೇಲೆ ಬರುವಂತೆ, ಇಲ್ಲಿ ಬಾಗಿಲಿನ ಭಾರಕ್ಕೆ ಎದುರು ಭಾರವಾಗಿ ಸ್ಪ್ರಿಂಗು ನಿಲ್ಲುತ್ತದೆ. ಕಲ್ಲಿನ ಬದಲು ಸ್ಪ್ರಿಂಗೇ ಏಕೆ ಬೇಕು ಎಂಬುದಕ್ಕೆ ಸೊಗಸಾದ ಕಾರಣವಿದೆ. ಬಾಗಿಲು ಮೇಲೇರಿದಂತೆ ಅದರ ಹಲಗೆಗಳು ಒಂದೊಂದಾಗಿ ಅಡ್ಡ ಹಳಿಯ ಮೇಲೆ ಮಲಗುತ್ತವೆ, ಹೀಗೆ ಎತ್ತಬೇಕಾದ ತೂಕ ಕಡಿಮೆಯಾಗುತ್ತ ಹೋಗುತ್ತದೆ. ಅದೇ ಹೊತ್ತಿಗೆ ಸ್ಪ್ರಿಂಗಿನ ಸುತ್ತು ಬಿಚ್ಚಿಕೊಂಡು ಅದರ ಬಲವೂ ಕಡಿಮೆಯಾಗುತ್ತದೆ. ಎರಡೂ ಜೊತೆಜೊತೆಯಾಗಿ ಇಳಿಯುವುದರಿಂದ ಬಾಗಿಲು ಯಾವ ಎತ್ತರದಲ್ಲಿದ್ದರೂ ಸಮತೋಲ ತಪ್ಪುವುದಿಲ್ಲ. ಮೋಟಾರಿಗೆ ಉಳಿಯುವ ಕೆಲಸ ಬಾಗಿಲಿಗೆ ಚಾಲನೆ ಕೊಡುವುದು, ನಿಲ್ಲಿಸುವುದು, ಅಷ್ಟೆ. ಮನೆಗಳ ಓಪನರುಗಳಿಗೆ ಅರ್ಧ ಅಶ್ವಶಕ್ತಿಯ ಮೋಟಾರೇ ಸಾಕಾಗುವುದು ಇದರಿಂದಲೇ.

ಸ್ಪ್ರಿಂಗುಗಳಲ್ಲಿ ಎರಡು ಬಗೆ. ಹೆಚ್ಚಿನ ಮನೆಗಳಲ್ಲಿರುವುದು ಟಾರ್ಷನ್ ಸ್ಪ್ರಿಂಗ್, ಅಂದರೆ ತಿರುಚುವಿಕೆಯಿಂದ ಬಲ ತುಂಬಿಕೊಳ್ಳುವಂಥದ್ದು. ಬಾಗಿಲಿನ ಮೇಲ್ಭಾಗದ ಗೋಡೆಗೆ ಅಡ್ಡಲಾಗಿ ಒಂದು ಉಕ್ಕಿನ ಶಾಫ್ಟ್ ಇರುತ್ತದೆ. ಒಂದೋ ಎರಡೋ ಸ್ಪ್ರಿಂಗುಗಳು ಅದರ ಸುತ್ತ ಕೂತಿರುತ್ತವೆ. ಸ್ಪ್ರಿಂಗಿನ ಒಂದು ತುದಿ ಗೋಡೆಯ ಬ್ರ್ಯಾಕೆಟ್ಟಿಗೆ, ಇನ್ನೊಂದು ತುದಿ ಕೋನ್ ಎಂಬ ಎರಕದ ತುಂಡಿನ ಮೂಲಕ ಶಾಫ್ಟಿಗೆ ಬಿಗಿದಿರುತ್ತದೆ. ಶಾಫ್ಟಿನ ಎರಡು ಕೊನೆಗಳಲ್ಲಿರುವ ಡ್ರಮ್‌ಗಳಿಂದ ಉಕ್ಕಿನ ಕೇಬಲ್ ಇಳಿದು ಬಾಗಿಲಿನ ಬುಡದ ಮೂಲೆಗಳನ್ನು ಹಿಡಿದಿರುತ್ತದೆ. ಎರಡನೆಯದು ಎಕ್ಸ್‌ಟೆನ್ಷನ್ ಸ್ಪ್ರಿಂಗ್. ಇದು ಅಡ್ಡ ಹಳಿಗಳ ಪಕ್ಕದಲ್ಲಿ ಉದ್ದಕ್ಕೆ ತೂಗಿಕೊಂಡಿದ್ದು, ಬಾಗಿಲು ಮುಚ್ಚಿದಾಗ ಎಳೆದುಕೊಳ್ಳುತ್ತದೆ. ಇದರ ಒಳಗಿಂದ ಹಾದು ಎರಡೂ ಕಡೆ ಕಟ್ಟಿಕೊಂಡ ಒಂದು ಸುರಕ್ಷಾ ಕೇಬಲ್ ಇರಲೇಬೇಕು. ಇಲ್ಲದಿದ್ದರೆ ಮುರಿದ ತುಂಡು ಗ್ಯಾರೇಜಿನ ಉದ್ದಕ್ಕೂ ಸಿಡಿದು ಕಾರಿನ ಗಾಜನ್ನೋ ಮನುಷ್ಯರನ್ನೋ ಹೊಡೆಯಬಹುದು. ಹಳೆಯ ಮನೆಗಳಲ್ಲಿ ಈ ಕೇಬಲ್ ಇಲ್ಲದಿರುವುದುಂಟು. ಸ್ಪ್ರಿಂಗು ಮುರಿಯುವವರೆಗೆ ಕಾಯದೆ ಅದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು.

ಕರ್ನಾಟಕದ ಅಂಗಡಿಗಳ ರೋಲಿಂಗ್ ಶಟರ್ ಕೂಡ ಇದೇ ತತ್ವದ್ದು. ಅಲ್ಲಿ ಪಟ್ಟಿಯಾಕಾರದ ಉಕ್ಕನ್ನು ಸುರುಳಿ ಸುತ್ತಿದ ಸ್ಪ್ರಿಂಗುಗಳು ಮೇಲಿನ ಪೈಪಿನ ಮೇಲೆ ಡಬ್ಬಿಗಳೊಳಗೆ ಕೂತಿರುತ್ತವೆ, ಶಟರ್ ಅಗಲವಾದಷ್ಟೂ ಅವುಗಳ ಸಂಖ್ಯೆ ಹೆಚ್ಚು. ಒಂದು ಮುರಿದರೂ ಉಳಿದವು ಭಾರ ಹೊರುತ್ತವೆ, ಆದ್ದರಿಂದ ಅಂಗಡಿಯವರು ‘ಶಟರ್ ಯಾಕೋ ಬಿಗಿಯಾಗಿದೆ’ ಎಂದುಕೊಂಡು ತಿಂಗಳುಗಟ್ಟಲೆ ಎಳೆದಾಡುವುದು ಸಾಮಾನ್ಯ. ಅರ್ಧಕ್ಕೆ ಬಿಟ್ಟ ಶಟರ್ ನಿಲ್ಲದೆ ಕೆಳಗೆ ಜಾರಿತೆಂದರೆ ಅದು ಗ್ರೀಸಿನ ಕೊರತೆಯಲ್ಲ, ಸ್ಪ್ರಿಂಗಿನ ದೂರು.

ಸ್ಪ್ರಿಂಗು ಮುರಿಯುವುದು ಹೆಚ್ಚಿನ ಭಾರದಿಂದಲ್ಲ, ದಣಿವಿನಿಂದ. ಲೋಹಕ್ಕೆ ತಡೆಯುವಷ್ಟೇ ಬಲವನ್ನು ಮತ್ತೆ ಮತ್ತೆ ಹಾಕಿ ತೆಗೆಯುತ್ತಿದ್ದರೂ ಕೊನೆಗೆ ಅದು ಮುರಿಯುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ರೈಲುಗಾಡಿಯ ಅಚ್ಚುಗಳ ಮೇಲೆ ಪರೀಕ್ಷೆ ನಡೆಸಿ ತೋರಿಸಿದರು. ಕಣ್ಣಿಗೆ ಕಾಣದ ಒಂದು ಬಿರುಕು ಪ್ರತಿ ಸಲವೂ ಕೂದಲೆಳೆಯಷ್ಟು ಮುಂದುವರಿದು, ಉಳಿದ ಲೋಹ ಸಾಲದಾದ ಕ್ಷಣ ಪಟ್ಟನೆ ತುಂಡಾಗುತ್ತದೆ. ತುಕ್ಕು ಹಿಡಿದಲ್ಲಿ ಆ ಬಿರುಕು ಬೇಗ ಶುರುವಾಗುತ್ತದೆ. ಈ ಕಾರಣಕ್ಕೇ ಸ್ಪ್ರಿಂಗಿನ ಆಯಸ್ಸನ್ನು ವರ್ಷಗಳಲ್ಲಿ ಹೇಳದೆ ಆವರ್ತಗಳಲ್ಲಿ ಹೇಳುತ್ತಾರೆ. ಒಮ್ಮೆ ತೆರೆದು ಮುಚ್ಚಿದರೆ ಒಂದು ಆವರ್ತ. ಸಾಮಾನ್ಯ ಸ್ಪ್ರಿಂಗನ್ನು 10,000 ಆವರ್ತಗಳಿಗೆ ಲೆಕ್ಕಹಾಕಿ ಮಾಡಿರುತ್ತಾರೆ. ದಿನಕ್ಕೆ ನಾಲ್ಕು ಸಲ ಬಾಗಿಲು ತೆರೆದು ಮುಚ್ಚುವ ಮನೆಯಲ್ಲಿ ಅದು ಏಳು ವರ್ಷಕ್ಕೆ ಮುಗಿಯುತ್ತದೆ. ಮಕ್ಕಳು ಸೈಕಲ್ ತೆಗೆಯಲು, ಹಿರಿಯರು ಕಸದ ಡಬ್ಬಿ ಇಡಲು ಅದೇ ಬಾಗಿಲನ್ನು ಬಳಸುವ ಮನೆಯಲ್ಲಿ ಇನ್ನೂ ಮೊದಲೇ.

ಮುರಿದ ಸದ್ದು ಪಟಾಕಿ ಸಿಡಿದಂತೆ ಕೇಳಿಸುತ್ತದೆ. ಬಾಗಿಲು ಮುಚ್ಚಿದ್ದಾಗ ಸ್ಪ್ರಿಂಗಿನ ಬಿಗಿ ಅತಿ ಹೆಚ್ಚು ಇರುವುದರಿಂದ, ಯಾರೂ ಮುಟ್ಟದಿರುವ ರಾತ್ರಿಯಲ್ಲೂ ಇದು ಆಗಬಹುದು. ಬೆಳಿಗ್ಗೆ ಬಟನ್ ಒತ್ತಿದರೆ ಬಾಗಿಲು ನಾಲ್ಕಾರು ಅಂಗುಲ ಎದ್ದು ನಿಲ್ಲುತ್ತದೆ, ಇಲ್ಲವೆ ಓರೆಯಾಗುತ್ತದೆ. ತಲೆಯೆತ್ತಿ ನೋಡಿದರೆ ಶಾಫ್ಟಿನ ಮೇಲಿನ ಸುರುಳಿಯಲ್ಲಿ ಎರಡು ಅಂಗುಲದಷ್ಟು ಖಾಲಿ ಜಾಗ ಕಾಣುತ್ತದೆ. ಅದು ಕಂಡರೆ ಬೇರೆ ಪರೀಕ್ಷೆ ಬೇಕಿಲ್ಲ.

ಆಮೇಲೆ ಮಾಡಬೇಕಾದ ಮೊದಲ ಕೆಲಸ, ಬಟನ್ನನ್ನು ಮತ್ತೊಮ್ಮೆ ಒತ್ತದಿರುವುದು. ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕೈದು ಸಲ ಒತ್ತಿ ನೋಡಿ ಓಪನರಿನ ಪ್ಲಾಸ್ಟಿಕ್ ಹಲ್ಲುಚಕ್ರವನ್ನು ಸವೆಸಿ, ಬಾಗಿಲಿನ ಮೇಲಿನ ಹಲಗೆಯನ್ನು ಬಗ್ಗಿಸಿ, ಒಂದು ರಿಪೇರಿಯನ್ನು ಮೂರು ಮಾಡಿಕೊಳ್ಳುತ್ತಾರೆ. ಓಪನರಿನ ಪ್ಲಗ್ ಕಿತ್ತು, ಮನೆಯ ಎಲ್ಲರಿಗೂ ವಿಷಯ ತಿಳಿಸಬೇಕು. ಬಾಗಿಲು ಮುಚ್ಚಿದ್ದರೆ ಅದನ್ನು ಹಾಗೇ ಬಿಡುವುದೇ ಸುರಕ್ಷಿತ. ತೆರೆದಿದ್ದಾಗ ಮುರಿದರೆ ಅಪಾಯ ಹೆಚ್ಚು: ಓಪನರಿನಿಂದ ನೇತಾಡುವ ಕೆಂಪು ಹಗ್ಗವನ್ನು ಆಗ ಎಳೆಯಲೇಬಾರದು. ಆ ಹಗ್ಗ ಬಾಗಿಲನ್ನು ಮೋಟಾರಿನಿಂದ ಬಿಡಿಸುತ್ತದೆ. ಹಿಡಿಯಲು ಸ್ಪ್ರಿಂಗೂ ಇಲ್ಲ, ಮೋಟಾರೂ ಇಲ್ಲ ಎಂದಾದಾಗ ನೂರು ಕಿಲೋ ಒಮ್ಮೆಗೇ ಕೆಳಗೆ ಬೀಳುತ್ತದೆ. ನೆಲದಿಂದ ಆರು ಅಂಗುಲದೊಳಗೆ ಹಾಕುವ ಬೆಳಕಿನ ಸೆನ್ಸರ್‌ಗಳು ಕಾಪಾಡುತ್ತವೆ ಎಂದು ನಂಬುವಂತಿಲ್ಲ. ಅಮೆರಿಕದಲ್ಲಿ 1993ರಿಂದ ಹೊಸ ಓಪನರುಗಳಿಗೆ ಇಂಥ ರಕ್ಷಣೆ ಕಡ್ಡಾಯವಾಗಿದೆ ನಿಜ. ಆದರೆ ಅದು ಹೇಳುವುದು ಮೋಟಾರಿಗೆ. ತಾನಾಗಿ ಬೀಳುವ ಬಾಗಿಲನ್ನು ತಡೆಯಲು ಅದಕ್ಕೆ ಕೈಯಿಲ್ಲ.

ಕಾರು ಒಳಗೇ ಸಿಕ್ಕಿಕೊಂಡು, ಆಸ್ಪತ್ರೆಗೋ ವಿಮಾನಕ್ಕೋ ಹೊರಡಲೇಬೇಕಾದ ಪ್ರಸಂಗ ಬರಬಹುದು. ಬಾಗಿಲು ಮುಚ್ಚಿದ್ದು ಕೇಬಲ್‌ಗಳು ಡ್ರಮ್ಮಿನಲ್ಲೇ ಇದ್ದರೆ ಮಾತ್ರ ಅದನ್ನು ಕೈಯಿಂದ ಎತ್ತಬಹುದು. ಮೊದಲು ಕೆಂಪು ಹಗ್ಗ ಎಳೆದು ಓಪನರಿನಿಂದ ಬಿಡಿಸಿ, ಇಬ್ಬರು ಅಥವಾ ಮೂವರು ಗಟ್ಟಿಮುಟ್ಟಾದವರು ಬುಡದ ಅಂಚನ್ನು ಹಿಡಿದು ಒಂದೇ ಸಮ ಎತ್ತಬೇಕು. ಹಲಗೆಗಳ ನಡುವಿನ ಸಂದಿಯಲ್ಲಿ ಬೆರಳಿಟ್ಟರೆ ಜಜ್ಜಿಹೋಗುತ್ತದೆ. ಪೂರ್ತಿ ಎತ್ತಿದ ಮೇಲೆ ಎರಡೂ ಹಳಿಗಳಲ್ಲಿ ರೋಲರ್ ಹಿಂದಕ್ಕೆ ಬರದಂತೆ ಕ್ಲ್ಯಾಂಪ್ ಬಿಗಿದು, ಬಾಗಿಲಿಗೆ ಮರದ ಊರೆಯನ್ನೂ ಕೊಟ್ಟ ಮೇಲೆಯೇ ಕಾರು ತೆಗೆಯಬೇಕು. ಇಳಿಸುವಾಗ ಅಷ್ಟೇ ಜನ ಬೇಕು. ಒಂಟಿಯಾಗಿದ್ದವರು ಇದಕ್ಕೆ ಕೈಹಾಕದೆ ಟ್ಯಾಕ್ಸಿ ಕರೆಯುವುದೇ ವಿವೇಕ.

ಹೊಸ ಸ್ಪ್ರಿಂಗನ್ನು ಮನೆಯವರೇ ಹಾಕಬಹುದೇ? ಎಕ್ಸ್‌ಟೆನ್ಷನ್ ಸ್ಪ್ರಿಂಗಿನದು ಕೊಂಚ ಸುಲಭ. ಬಾಗಿಲನ್ನು ಪೂರ್ತಿ ಎತ್ತಿ ಭದ್ರವಾಗಿ ತಡೆದರೆ ಸ್ಪ್ರಿಂಗು ಸಡಿಲವಾಗುತ್ತದೆ. ಟಾರ್ಷನ್ ಸ್ಪ್ರಿಂಗಿನ ಮಾತು ಬೇರೆ. 7 ಅಡಿಯ ಬಾಗಿಲಿಗೆ ಅದನ್ನು ಸುಮಾರು ಏಳೂವರೆ ಸುತ್ತು ತಿರುಚಬೇಕು. ಕೋನಿನ ತೂತುಗಳಿಗೆ ಎರಡು ಉಕ್ಕಿನ ಸರಳುಗಳನ್ನು ಒಂದಾದ ಮೇಲೊಂದು ತೂರಿಸುತ್ತ, ಕಾಲು ಕಾಲು ಸುತ್ತಿನಂತೆ 30 ಸಲ ಮಾಡುವ ಕೆಲಸವಿದು. ಇಲ್ಲಿ ಕೈಗೆ ತಗಲುವ ಬಲ ಮೋಸಗೊಳಿಸುವಂಥದ್ದು. 68 ಕಿಲೋ ಬಾಗಿಲಿನ ಸ್ಪ್ರಿಂಗು ಪೂರ್ತಿ ಬಿಗಿದಾಗಲೂ ಒಂದೂವರೆ ಅಡಿ ಸರಳಿನ ತುದಿಯಲ್ಲಿ ಏಳೆಂಟು ಕಿಲೋ ಒತ್ತಡವಷ್ಟೇ ಇರುತ್ತದೆ. ‘ಇಷ್ಟೇನಾ’ ಅನ್ನಿಸುವುದು ಸಹಜ. ಆದರೆ ಒಳಗೆ ಕೂತಿರುವ ಶಕ್ತಿ, ಅದೇ 68 ಕಿಲೋ ಒಂದು ಮೀಟರ್ ಎತ್ತರದಿಂದ ಬಿದ್ದಾಗ ಬರುವಷ್ಟು. ಸರಳು ಜಾರಿದರೆ ಅದೆಲ್ಲ ಕ್ಷಣದಲ್ಲಿ ಬಿಡುಗಡೆಯಾಗಿ, ಎದುರಿಗಿದ್ದ ಮಣಿಕಟ್ಟನ್ನೋ ದವಡೆಯನ್ನೋ ಮುರಿಯುತ್ತದೆ. ತೂತಿಗೆ ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಹಾಕಿ ತಿರುಗಿಸುವುದು ಅನಾಹುತಕ್ಕೆ ಹಾದಿ. ಒಂದು ಸ್ಪ್ರಿಂಗು ಮುರಿದಿದ್ದರೂ ಪಕ್ಕದ್ದು ಪೂರ್ತಿ ಬಿಗಿಯಾಗಿಯೇ ಇರುತ್ತದೆ ಎಂಬುದನ್ನೂ, ಬುಡದ ಬ್ರ್ಯಾಕೆಟ್ಟಿನ ಬೋಲ್ಟುಗಳನ್ನು ಬಿಚ್ಚಿದರೂ ಅದೇ ಬಲ ಸಿಡಿಯುತ್ತದೆ ಎಂಬುದನ್ನೂ ಮರೆಯುವವರಿದ್ದಾರೆ. ಯಂತ್ರಗಳಲ್ಲಿ ಪಳಗಿದವರು ಸರಿಯಾದ ಸರಳುಗಳೊಂದಿಗೆ ಇದನ್ನು ಮಾಡಿಕೊಳ್ಳುತ್ತಾರೆ. ಉಳಿದವರು ಮೆಕ್ಯಾನಿಕ್ ಕರೆಸುವುದರಲ್ಲಿ ನಾಚಿಕೆ ಏನೂ ಇಲ್ಲ.

ಅಳತೆ ತೆಗೆಯುವುದು ಮಾತ್ರ ಎಲ್ಲರೂ ಕಲಿಯಬಹುದಾದ ವಿಷಯ. ಮುರಿದ ಸ್ಪ್ರಿಂಗಿನ ಅಂಟಿಕೊಂಡಿರುವ 20 ಸುತ್ತುಗಳ ಉದ್ದ 5 ಅಂಗುಲವಿದ್ದರೆ ತಂತಿಯ ದಪ್ಪ ಕಾಲು ಅಂಗುಲ. 4.86 ಅಂಗುಲವಿದ್ದರೆ ದಪ್ಪ 0.243. ವ್ಯತ್ಯಾಸ ಶೇಕಡಾ 3ರಷ್ಟೂ ಇಲ್ಲ. ಆದರೂ ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ ಬಲದಲ್ಲಿ ಶೇಕಡಾ 12ರ ಅಂತರ ಬೀಳುತ್ತದೆ. ಇದರ ಜೊತೆಗೆ ಸುರುಳಿಯ ಒಳವ್ಯಾಸ, ಒಟ್ಟು ಉದ್ದ ಮತ್ತು ಸುತ್ತಿನ ದಿಕ್ಕು ಹೊಂದಬೇಕು.

ಮೆಕ್ಯಾನಿಕ್ ಬಂದಾಗ ಕೆಲವು ಮಾತು ಮೊದಲೇ ಆಡಿಕೊಳ್ಳಬೇಕು. ಎರಡು ಸ್ಪ್ರಿಂಗುಗಳಿದ್ದರೆ ಎರಡನ್ನೂ ಬದಲಿಸುವುದು ಲಾಭ, ಏಕೆಂದರೆ ಎರಡೂ ಅಷ್ಟೇ ಆವರ್ತ ದುಡಿದಿರುತ್ತವೆ. ಇನ್ನೂ ದಪ್ಪ ತಂತಿಯ, ಇನ್ನೂ ಉದ್ದದ ಸ್ಪ್ರಿಂಗು ಹಾಕಿದರೆ ಅದೇ ಬಲಕ್ಕೆ ಆಯಸ್ಸು 25,000 ಆವರ್ತ ದಾಟಬಲ್ಲದು; ಅದಕ್ಕೆ ತಗಲುವ ಹೆಚ್ಚುವರಿ ಬೆಲೆ ಕೂಲಿಯ ಮುಂದೆ ಸಣ್ಣದು. ಆದರೆ ‘ಜೀವಮಾನದ ಗ್ಯಾರಂಟಿ’ ಎಂಬ ಮಾತಿಗೆ ಮರುಳಾಗಬಾರದು: ಸ್ಪ್ರಿಂಗು ಪುಕ್ಕಟೆಯಾಗಿ ಕೊಟ್ಟು ಕೂಲಿಯನ್ನು ಪೂರ್ತಿ ವಸೂಲು ಮಾಡುವುದೇ ಅದರ ಮರ್ಮವಾಗಿರುತ್ತದೆ. ಸ್ಪ್ರಿಂಗು ಮುರಿದ ನೆಪದಲ್ಲಿ ರೋಲರ್, ಕೇಬಲ್, ಓಪನರ್ ಎಲ್ಲವನ್ನೂ ಬದಲಿಸಬೇಕು ಎನ್ನುವವರೂ ಇದ್ದಾರೆ. ಒಟ್ಟು ಮೊತ್ತವನ್ನು ಕೆಲಸಕ್ಕೆ ಮುಂಚೆ ಬರೆಸಿಕೊಳ್ಳುವುದೇ ಇದಕ್ಕೆ ಮದ್ದು.

ಹೊಸ ಸ್ಪ್ರಿಂಗಿಗೆ ವರ್ಷಕ್ಕೆರಡು ಸಲ ಎಣ್ಣೆ ಸವರಿದರೆ ತುಕ್ಕು ದೂರವಿರುತ್ತದೆ. ಕೆಲಸ ಮುಗಿದ ಮೇಲೆ ಹಣ ಕೊಡುವ ಮುಂಚೆ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು: ಬಾಗಿಲನ್ನು ಓಪನರಿನಿಂದ ಬಿಡಿಸಿ, ಕೈಯಿಂದ ಸೊಂಟದ ಎತ್ತರಕ್ಕೆ ಎತ್ತಿ ಬಿಡಬೇಕು. ಬಾಗಿಲು ಅಲ್ಲೇ ನಿಂತರೆ ಸ್ಪ್ರಿಂಗು ಸರಿಯಾಗಿದೆ. ಕೆಳಗೆ ಜಾರಿದರೂ ಮೇಲಕ್ಕೆ ಓಡಿದರೂ ಸುತ್ತಿನ ಲೆಕ್ಕ ತಪ್ಪಿದೆ, ಅಥವಾ ಅಳತೆ ತಪ್ಪಿದ ಸ್ಪ್ರಿಂಗು ಹಾಕಿದ್ದಾರೆ. ಅಂಥ ಬಾಗಿಲನ್ನು ಮೋಟಾರಿಗೆ ಕಟ್ಟಲು ಒಪ್ಪಬೇಡಿ, ಮೆಕ್ಯಾನಿಕ್ಕನ್ನು ಹಾಗೇ ಕಳಿಸಲೂ ಬೇಡಿ.