ಹೆಬ್ಬೆರಳಿನ ಬೇನೆ

ಎರಡು ವರುಷಗಳ ಹಿಂದೆ ಬೇಸಿಗೆಯಲ್ಲಿ ನಾವು ಸರಗೂರಿನ ಸೋದರಮಾವನವರ ಮನೆಗೆ ಹೋಗಿದ್ದೆವು. ಹಬ್ಬದ ಬಾಡೂಟ ಮುಗಿದ ರಾತ್ರಿ, ಬೆಳಗಿನ ಜಾವದಲ್ಲಿ ಮಾವನವರು ಕೂಗಿಕೊಂಡರು. ಬಲಗಾಲಿನ ಹೆಬ್ಬೆರಳಿನ ಬುಡವು ಊದಿ ಕೆಂಪೇರಿದ್ದಿತು. ಹೊದಿಕೆಯ ಅಂಚು ಸೋಕಿದರೂ ಅವರಿಗೆ ಸಹಿಸಲಾಗದು. ಮನೆಯವರು ಚೇಳನ್ನು ಹುಡುಕಿದರು. ನೆರೆಯವರು ಉಳುಕೆಂದು ನೀವಲು ಬಂದರು. ಹಾಗೆ ನೀವಕೂಡದು, ಕಾಲನ್ನು ದಿಂಬಿನ ಮೇಲಿರಿಸಿ ತಣ್ಣೀರ ಬಟ್ಟೆ ಹಾಕಿ ವೈದ್ಯರನ್ನು ಕಾಣತಕ್ಕದ್ದು.

ನಮ್ಮ ಪ್ರಾಚೀನರು ವಾತರಕ್ತವೆಂದು ಕರೆದ ರೋಗವು ಇದನ್ನು ಬಹುಮಟ್ಟಿಗೆ ಹೋಲುವುದು. ಚರಕಸಂಹಿತೆಯಲ್ಲಿ ಅದಕ್ಕೊಂದು ಅಧ್ಯಾಯವೇ ಉಂಟು. ಈ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವು ಮಿತಿಮೀರಿರುವುದನ್ನು 1848ರಲ್ಲಿ ಗ್ಯಾರಡ್ ಎಂಬ ಆಂಗ್ಲ ವೈದ್ಯನು ತೋರಿಸಿದನು. ನೂರು ಮಿಲಿಲೀಟರಿಗೆ 6.8 ಮಿಲಿಗ್ರಾಂ ದಾಟಿದರೆ ಅದು ಕರಗಿರಲಾರದೆ, ಸೂಜಿಯಂತಹ ಹರಳುಗಳಾಗಿ ಕೀಲುಗಳಲ್ಲಿ ಕೂರಬಹುದು. ಬೇನೆ ಎದ್ದಿರುವಾಗ ಪರೀಕ್ಷಿಸಿದರೆ ಒಮ್ಮೊಮ್ಮೆ ಆಮ್ಲವು ಸಮವಾಗಿಯೇ ಕಾಣುವುದು. ಅಂತಹವರು ಕೆಲವು ವಾರಗಳ ಅನಂತರ ಮತ್ತೆ ಪರೀಕ್ಷೆ ಮಾಡಿಸಬೇಕು.

ಅತ್ತೆಯವರು ಮೊದಲು ನಿಲ್ಲಿಸಿದ್ದು ಹುರುಳಿಯನ್ನೂ ಅವರೆಯನ್ನೂ. ಪಾಪ, ಅವು ನಿರಪರಾಧಿಗಳು! ಕಾಳುಗಳಿಂದ ಈ ಬೇನೆ ಹೆಚ್ಚುವುದಾಗಿ ಕಂಡುಬಂದಿಲ್ಲ. ಈಲಿ ಮೊದಲಾದ ಒಳಮಾಂಸ, ಅತಿಯಾದ ಬಾಡು, ಕೆಲವು ಬಗೆಯ ಮೀನು, ಸಕ್ಕರೆಯ ಶೀತಪಾನೀಯ, ಎಲ್ಲಕ್ಕಿಂತ ಬಿಯರು — ಇವು ನಿಜವಾದ ಶತ್ರುಗಳು. ಹಾಲು ಮಜ್ಜಿಗೆಗಳು ಹಿತ. ಆದರೆ ಎಷ್ಟು ಕಟ್ಟುನಿಟ್ಟಾಗಿ ಪಥ್ಯ ಹಿಡಿದರೂ ಆಮ್ಲವು ಸಾಮಾನ್ಯವಾಗಿ ಇಳಿಯುವುದು ಒಂದು ಮಿಲಿಗ್ರಾಮಿನಷ್ಟೇ. ಪದೇ ಪದೇ ಬೇನೆ ಬರುವವರಿಗೆ ಅದು ಸಾಲದು.

ಮಾವನವರಿಗೆ ವೈದ್ಯರು ಅಲೋಪ್ಯೂರಿನಾಲ್ ಮಾತ್ರೆ ಕೊಟ್ಟರು. ಇದನ್ನು ಸಿದ್ಧಪಡಿಸಿದ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಎಂಬುವರು 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ದಿನಕ್ಕೆ 100 ಮಿಲಿಗ್ರಾಂ ಅಥವಾ ಇನ್ನೂ ಕಡಮೆಯಿಂದ ಆರಂಭಿಸಿ, ಆಮ್ಲವು 6ಕ್ಕಿಂತ ಕೆಳಗಿಳಿಯುವವರೆಗೆ ವೈದ್ಯರು ಮೆಲ್ಲಮೆಲ್ಲನೆ ಏರಿಸುವರು. ಮೊದಲ ತಿಂಗಳುಗಳಲ್ಲಿ ಹಳೆಯ ಹರಳು ಕದಲಿ ಬೇನೆ ಮರುಕಳಿಸುವುದುಂಟು. ಅದಕ್ಕೆ ಹೆದರಿ ಬಿಡಬಾರದು. ಮೈಮೇಲೆ ಗಂಧೆ ಎದ್ದರೆ ಮಾತ್ರ ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಧಾವಿಸಬೇಕು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಆ ಸಂಗತಿಯನ್ನು ಮೊದಲೇ ತಿಳಿಸತಕ್ಕದ್ದು.

ನೋವು ಹೋಯಿತೆಂದು ಮಾವನವರು ಮೂರು ತಿಂಗಳಿಗೇ ಮಾತ್ರೆ ಬಿಟ್ಟರು. ಮಳೆಗಾಲದಲ್ಲಿ ಬೇನೆ ಮರಳಿತು, ಈ ಸಲ ಎರಡು ಕಾಲಿಗೂ. ಹಿತೈಷಿಯೊಬ್ಬರು ಬೇಲಿಯಲ್ಲಿ ಉರಿಯಂತೆ ಅರಳಿದ್ದ ಅಗ್ನಿಶಿಖೆಯ ಗೆಡ್ಡೆಯನ್ನು ಅಗೆದು ತಂದು, ಅರೆದು ಕುಡಿಸಿರೆಂದರು. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಸ್ತುವನ್ನೇ ವೈದ್ಯರು ಅತ್ಯಲ್ಪ ಪ್ರಮಾಣದಲ್ಲಿ ಈ ಬೇನೆಗೆ ಕೊಡುವುದು ನಿಜ; ಆದರೆ ಗೆಡ್ಡೆಯಲ್ಲಿ ಅದೆಷ್ಟಿರುವುದೆಂದು ಅಳೆಯುವವರಾರು? ಪ್ರಾಣವೇ ಹೋಗುವಷ್ಟು ವಿಷವದು. ಅತ್ತೆಯವರು ಗೆಡ್ಡೆಯನ್ನು ಕಸಿದು, ದನಕರುಗಳಿಗೂ ಸಿಕ್ಕದಂತೆ ಆಳವಾಗಿ ಹೂಳಿಸಿದರು.

ಮೊನ್ನೆಯ ಪರೀಕ್ಷೆಯಲ್ಲಿ 5.6 ಬಂದಿತು. ಆ ರಾತ್ರಿ ಮಾವನವರು ಹುರುಳಿಸಾರಿನಲ್ಲಿ ಎರಡು ಮುದ್ದೆ ಉಂಡು, ಕೇಳುವ ಮೊದಲೇ ಮಾತ್ರೆಯನ್ನೂ ನುಂಗಿದರು.