ಹಳೆಯ ನೋಟಿಗೆ ಬೆಲೆ ಬರುವುದು ಹೇಗೆ?

ಮಕ್ಕಳೇ, ಮನೆಯಲ್ಲಿರುವ ಹತ್ತು ರೂಪಾಯಿಯ ನೋಟಿನ ಹಿಂಬದಿಯನ್ನು ನೋಡಿ. ಅಲ್ಲಿ ಒಂದು ಪಟ್ಟಿಯಲ್ಲಿ 15 ಭಾಷೆಗಳಲ್ಲಿ ನೋಟಿನ ಮೌಲ್ಯವನ್ನು ಮುದ್ರಿಸಿರುತ್ತಾರೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ಸುಮಾರು ನೂರು ವರ್ಷಗಳ ಹಿಂದೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಚಲಾವಣೆಯಲ್ಲಿದ್ದ ಬೇರೊಂದು ನೋಟಿನ ಮೇಲೂ ಕನ್ನಡ ಇತ್ತು. ಅದು ಹೈದರಾಬಾದ್ ಸಂಸ್ಥಾನದ ನೋಟು.

ಹಾಲಿ ಮತ್ತು ಕಲ್ದಾರ್

ಈಗಿನ ಕೊಪ್ಪಳ ಜಿಲ್ಲೆಯ ಪ್ರದೇಶವು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ನಾಣ್ಯಕ್ಕೆ ಬೇಕಾದ ಬೆಳ್ಳಿಗೆ ಬಹಳ ಅಭಾವ ಉಂಟಾಯಿತು. ಆದ್ದರಿಂದ 1918ರಲ್ಲಿ ಸಂಸ್ಥಾನವು 10 ಮತ್ತು 100 ರೂಪಾಯಿಗಳ ಕಾಗದದ ನೋಟುಗಳನ್ನು ಹೊರಡಿಸಿತು. 1919ರಲ್ಲಿ 1 ಮತ್ತು 5 ರೂಪಾಯಿಯ ನೋಟುಗಳು, 1926ರಲ್ಲಿ 1000 ರೂಪಾಯಿಯ ನೋಟು ಬಂದವು. ಈ ಹಣಕ್ಕೆ ಉಸ್ಮಾನಿಯಾ ಸಿಕ್ಕಾ ಎಂದು ಹೆಸರು. ಜನರು ಇದನ್ನು 'ಹಾಲಿ' ಎಂದೂ, ಬ್ರಿಟಿಷ್ ಭಾರತದ ರೂಪಾಯಿಯನ್ನು 'ಕಲ್ದಾರ್' ಎಂದೂ ಕರೆಯುತ್ತಿದ್ದರು.

ಕೊಪ್ಪಳದ ಪಶ್ಚಿಮಕ್ಕಿರುವ ಗದಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ತುಂಗಭದ್ರೆಯ ಆಚೆಗಿನ ಹೊಸಪೇಟೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಎರಡೂ ಕಡೆ ಕಲ್ದಾರ್ ಹಣ. ಗಡಿ ದಾಟಿ ವ್ಯಾಪಾರ ಮಾಡುವವರು ಎರಡು ಬಗೆಯ ಹಣದ ಲೆಕ್ಕ ತಿಳಿದಿರಬೇಕಿತ್ತು. 1950ರಿಂದ ಎರಡೂ ಹಣ ಜೊತೆಯಾಗಿ ಚಲಾವಣೆಯಲ್ಲಿದ್ದಾಗ 7 ಹಾಲಿ ರೂಪಾಯಿಗೆ 6 ಭಾರತದ ರೂಪಾಯಿ ಎಂಬ ದರವಿತ್ತು. 1959ರ ಹೊತ್ತಿಗೆ ಹಾಲಿ ಹಣವು ಪೂರ್ತಿ ರದ್ದಾಯಿತು. ಈಗ ಹಾಲಿ ನೋಟು ಕೊಟ್ಟರೆ ಅಂಗಡಿಯಲ್ಲಿ ಒಂದು ಪೆಪ್ಪರಮೆಂಟೂ ಸಿಗದು. ಆದರೂ ಸಂಗ್ರಾಹಕರು ಅದಕ್ಕೆ ಹಣ ಕೊಡುತ್ತಾರೆ. ಏಕೆ?

ಗುರುತಿಸುವುದು ಹೇಗೆ?

ಮೊದಲು ಲಿಪಿಗಳನ್ನು ನೋಡಬೇಕು. ಹೈದರಾಬಾದ್ ನೋಟುಗಳ ಮೇಲೆ ಉರ್ದು ಪ್ರಧಾನವಾಗಿರುತ್ತದೆ. ಜೊತೆಗೆ ಇಂಗ್ಲಿಷ್, ತೆಲುಗು, ಮರಾಠಿ ಮತ್ತು ಕನ್ನಡ ಇರುತ್ತವೆ.

ನಂತರ ವರ್ಷ. ಸಂಸ್ಥಾನದ ಕಚೇರಿಗಳಲ್ಲಿ ಫಸಲಿ ವರ್ಷವನ್ನು ಬಳಸುತ್ತಿದ್ದರು. 'ಫಸಲು' ಎಂದರೆ ಬೆಳೆ ಎಂದು ನಿಮಗೆ ಗೊತ್ತು. ಕಂದಾಯದ ಲೆಕ್ಕಕ್ಕಾಗಿ ಹುಟ್ಟಿದ ವರ್ಷವೇ ಫಸಲಿ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ನೋಟಿನ ಮೇಲೆ ಫಸಲಿ 1338 ಎಂದಿದ್ದರೆ ಅದು ಸುಮಾರು 1928. ಉರ್ದುವಿನಲ್ಲಿ ಒಂದು ಎಂದರೆ ನಿಂತ ಗೆರೆ, ಸೊನ್ನೆ ಎಂದರೆ ಚುಕ್ಕೆ. ಉರ್ದು ಬರಹವನ್ನು ಬಲದಿಂದ ಎಡಕ್ಕೆ ಓದಿದರೂ ಅಂಕಿಗಳನ್ನು ನಮ್ಮಂತೆಯೇ ಎಡದಿಂದ ಬಲಕ್ಕೆ ಓದುತ್ತಾರೆ!

ಕೊನೆಯದು ಕಾಗದ. ಭಾರತದ ಈಗಿನ ನೋಟುಗಳ ಕಾಗದವನ್ನು ಹತ್ತಿಯ ನಾರಿನಿಂದ ಮಾಡುತ್ತಾರೆ. ಹತ್ತಿಯ ನಾರು ಉದ್ದ ಮತ್ತು ಗಟ್ಟಿ. ಆದ್ದರಿಂದಲೇ ನೋಟು ನೂರಾರು ಕೈ ಬದಲಾಯಿಸಿದರೂ ಬೇಗ ಹರಿಯುವುದಿಲ್ಲ. ನೋಟನ್ನು ಬೆಳಕಿಗೆ ಹಿಡಿದರೆ ಒಳಗೊಂದು ಚಿತ್ರ ಕಾಣುತ್ತದೆ. ಇದೇ ನೀರುಗುರುತು. ಕಾಗದ ಇನ್ನೂ ಹಸಿಯಾಗಿರುವಾಗಲೇ ನಾರಿನ ಪದರವನ್ನು ಕೆಲವೆಡೆ ತೆಳುವಾಗಿಯೂ ಕೆಲವೆಡೆ ದಪ್ಪವಾಗಿಯೂ ಮಾಡುತ್ತಾರೆ. ತೆಳುವಾದಲ್ಲಿ ಬೆಳಕು ಹೆಚ್ಚು ಹಾಯುತ್ತದೆ, ದಪ್ಪವಾದಲ್ಲಿ ಕಡಿಮೆ. ಜೆರಾಕ್ಸ್ ಯಂತ್ರವು ಕಾಗದದ ಮೇಲ್ಮೈಯನ್ನು ಮಾತ್ರ ನಕಲು ಮಾಡುತ್ತದೆ. ಕಾಗದದ ದಪ್ಪವನ್ನು ನಕಲು ಮಾಡಲಾರದು.

ಬೆಲೆ ಯಾವುದರಿಂದ?

ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಮೂರು ಸಂಗತಿಗಳು ಮುಖ್ಯ.

1. ಎಷ್ಟು ಉಳಿದಿವೆ? ನೋಟು ರದ್ದಾದಾಗ ಸಾವಿರ ರೂಪಾಯಿಯ ನೋಟನ್ನು ಯಾರು ತಾನೇ ಬದಲಾಯಿಸದೆ ಬಿಟ್ಟಾರು? ಆದರೆ ಒಂದು ರೂಪಾಯಿಯ ನೋಟು ಪೆಟ್ಟಿಗೆಯ ಮೂಲೆಯಲ್ಲಿ ಮರೆತುಹೋಗಿರಬಹುದು. ಕಡಿಮೆ ಉಳಿದದ್ದಕ್ಕೆ ಬೆಲೆ ಹೆಚ್ಚು.

2. ಸ್ಥಿತಿ ಹೇಗಿದೆ? ಮಡಿಕೆ, ಕಲೆ, ತೂತು ಇಲ್ಲದ ಗರಿಗರಿಯಾದ ನೋಟಿಗೂ ಹರಿದ ನೋಟಿಗೂ ಬೆಲೆಯಲ್ಲಿ ಬಹಳ ಅಂತರವಿರುತ್ತದೆ.

3. ಬೇಕೆನ್ನುವವರು ಎಷ್ಟು ಮಂದಿ? ಕೊಳ್ಳುವವರಿಲ್ಲದಿದ್ದರೆ ಅಪರೂಪದ ನೋಟಿಗೂ ಬೆಲೆ ಸಿಗದು.

ಹಾಗಾಗಿ ಹಳೆಯ ನೋಟು ಸಿಕ್ಕರೆ ಒಳ್ಳೆಯದು ಮಾಡಲು ಹೋಗಿ ಕೆಡಿಸಬೇಡಿ. ತೊಳೆಯಬಾರದು, ಇಸ್ತ್ರಿ ಮಾಡಬಾರದು, ಲ್ಯಾಮಿನೇಶನ್ ಮಾಡಿಸಬಾರದು. ಹರಿದ ಕಡೆ ಗಮ್ ಟೇಪ್ ಅಂಟಿಸಿದರೆ ಅದರ ಅಂಟು ನಾರಿನೊಳಗೆ ಇಳಿದು ಹಳದಿ ಕಲೆಯಾಗುತ್ತದೆ. ಹಳೆಯ ದಿನಪತ್ರಿಕೆಯ ನಡುವೆಯೂ ಇಡಬಾರದು. ಆ ಕಾಗದದಲ್ಲಿರುವ ಆಮ್ಲ ನೋಟಿಗೂ ಹರಡಿ ಅದನ್ನು ಪುಡಿಯಾಗುವಂತೆ ಮಾಡುತ್ತದೆ. ಒಣಗಿದ ಕೈಯಿಂದ ಅಂಚು ಹಿಡಿದು, ಮಡಚದೆ, ಬಿಸಿಲು ಮತ್ತು ತೇವ ತಾಗದ ಕಡೆ ಇಡಿ.

ಮೋಸ ಹೋಗಬೇಡಿ!

'ನಿಮ್ಮ ಹಳೆಯ ನೋಟಿಗೆ ಲಕ್ಷಾಂತರ ರೂಪಾಯಿ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ' ಎಂದು ಫೋನಿನಲ್ಲಿ ಹೇಳುವವರಿದ್ದಾರೆ. ಕೆಲವರು ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಇಂಥ ವ್ಯವಹಾರ ನಡೆಸುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಜನರನ್ನು ಎಚ್ಚರಿಸಿದೆ. ಇದನ್ನು ಮನೆಯಲ್ಲಿ ದೊಡ್ಡವರಿಗೂ ತಿಳಿಸಿ.

ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ಸಿಗದ ಹರಕು ನೋಟೂ ಒಂದು ದಾಖಲೆಯೇ. ಯಾವ ಆಡಳಿತವಿತ್ತು, ಯಾವ ಭಾಷೆಗಳಿದ್ದವು, ವರ್ಷವನ್ನು ಹೇಗೆ ಎಣಿಸುತ್ತಿದ್ದರು ಎಂಬುದನ್ನು ಅದು ಹೇಳುತ್ತದೆ.

ನೀವೇ ಮಾಡಿ: 1 ರೂಪಾಯಿಗೆ 16 ಆಣೆ, 1 ಆಣೆಗೆ 12 ಪೈ. 7 ಹಾಲಿ ರೂಪಾಯಿಗೆ 6 ಭಾರತದ ರೂಪಾಯಿಯಾದರೆ, ಭಾರತದ 100 ರೂಪಾಯಿಗೆ ಎಷ್ಟು ಹಾಲಿ ಹಣ ಕೊಡಬೇಕು? (ಉತ್ತರ: 116 ರೂಪಾಯಿ 10 ಆಣೆ 8 ಪೈ.) ಊರಿನ ಹಿರಿಯರನ್ನು 'ಹಾಲಿ, ಕಲ್ದಾರ್ ಎಂಬ ಮಾತು ಕೇಳಿದ್ದೀರಾ?' ಎಂದು ವಿಚಾರಿಸಿ. ಅವರು ಹೇಳಿದ್ದನ್ನು ಬರೆದು ತಂದು ತರಗತಿಯಲ್ಲಿ ಓದಿ.