ಕರುಳಿನ ಅಣುಜೀವಿಗಳು: ಒಂದು ಅಭಿಪ್ರಾಯದ ಇತಿಹಾಸ

ಮನುಷ್ಯನ ಕರುಳಿನಲ್ಲಿ ನೆಲಸಿರುವ ಬ್ಯಾಕ್ಟೀರಿಯಗಳ ವಿಷಯವನ್ನು ಇತಿಹಾಸದ ಅಧ್ಯಾಪಕರು ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಈ ಜೀವಿಗಳ ಗುಣಧರ್ಮಗಳನ್ನು ನಿರ್ಣಯಿಸುವುದು ವಿಜ್ಞಾನಿಗಳ ಕೆಲಸವೆಂಬುದು ನಿಜ. ಆದರೆ ಅವುಗಳನ್ನು ಕುರಿತು ವಿದ್ವಾಂಸರು ತಳೆದ ಅಭಿಪ್ರಾಯಗಳಿಗೂ ಒಂದು ಇತಿಹಾಸವುಂಟು; ಆ ಅಭಿಪ್ರಾಯಗಳನ್ನು ನಂಬಿ ಜನರು ಪ್ರಾಣವನ್ನು ಒತ್ತೆಯಿಟ್ಟುದೂ ಉಂಟು. ಆ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸಿ, ಅದರಿಂದ ನಾವು ಕಲಿಯಬೇಕಾದ ಪಾಠವನ್ನು ಸೂಚಿಸುವುದು ಈ ಲೇಖನದ ಉದ್ದೇಶ.

ಡೆಲ್ಫ್ಟ್ ನಗರದ ಬಟ್ಟೆಯ ವ್ಯಾಪಾರಿ ಲ್ಯೂವೆನ್‌ಹೂಕ್ 1681ರಲ್ಲಿ, ತಾನೇ ತಯಾರಿಸಿದ ಸೂಕ್ಷ್ಮದರ್ಶಕದಿಂದ ತನ್ನ ಮಲವನ್ನು ಪರೀಕ್ಷಿಸಿ, ಅದರಲ್ಲಿ ಚಲಿಸುವ ಜೀವಿಗಳಿರುವುದನ್ನು ಲಂಡನ್ನಿಗೆ ಬರೆದು ತಿಳಿಸಿದನು. 1885ರಲ್ಲಿ ಮ್ಯೂನಿಕ್ಕಿನ ಶಿಶುವೈದ್ಯ ಎಷರಿಷ್ ಎಂಬಾತನು ಶಿಶುಗಳ ಮಲದಿಂದ ಒಂದು ಕಡ್ಡಿಯಾಕಾರದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದನು. ಇಂದು ಅದು ಅವನ ಹೆಸರನ್ನೇ ಹೊತ್ತಿದೆ. ಅದೇ ವರ್ಷ ಪಾಸ್ತರನು, ಅಣುಜೀವಿಗಳಿಲ್ಲದೆ ಪ್ರಾಣಿಗಳು ಬದುಕಲಾರವೆಂಬ ಊಹೆಯನ್ನು ಮುಂದಿಟ್ಟನು.

ಪಾಸ್ತರನ ಸಂಸ್ಥೆಯಲ್ಲಿಯೇ ಕೆಲಸಮಾಡುತ್ತಿದ್ದ ಮೆಚ್ನಿಕಾಫನು ಇದಕ್ಕೆ ವಿರುದ್ಧವಾದ ಮತವನ್ನು ಹಿಡಿದನು. ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಗಳು ಆಹಾರಶೇಷವನ್ನು ಕೊಳೆಯಿಸಿ ನಂಜನ್ನು ಹುಟ್ಟಿಸುವುವು. ಆ ನಂಜು ರಕ್ತಕ್ಕೆ ಸೇರಿ ಮುಪ್ಪನ್ನು ತರುವುದು. ಬಲ್ಗೇರಿಯದ ಮೊಸರಿನಲ್ಲಿರುವ ಬ್ಯಾಕ್ಟೀರಿಯ ಇದಕ್ಕೆ ಪರಿಹಾರ ಎಂದು ಅವನು ವಾದಿಸಿದನು. 1908ರಲ್ಲಿ ಅವನಿಗೆ ನೊಬೆಲ್ ಬಹುಮಾನ ದೊರೆಯಿತು. ಆದರೆ ಅದು ದೊರೆತದ್ದು ರೋಗನಿರೋಧಶಕ್ತಿಯನ್ನು ಕುರಿತ ಸಂಶೋಧನೆಗೆ, ಮೊಸರಿನ ವಾದಕ್ಕಲ್ಲ. ಒಂದು ಕ್ಷೇತ್ರದಲ್ಲಿ ಗಳಿಸಿದ ಕೀರ್ತಿ ಮತ್ತೊಂದು ಕ್ಷೇತ್ರದ ಊಹೆಗೂ ಪ್ರಮಾಣದ ಬೆಲೆಯನ್ನು ತಂದುಕೊಟ್ಟಿತು.

ಪರಿಣಾಮವು ಮೊಸರಿಗಷ್ಟೇ ನಿಲ್ಲಲಿಲ್ಲ. ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನನು ಮಲಬದ್ಧತೆಯಿಂದ ಬಳಲುತ್ತಿದ್ದ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದನು. ಈ ಶಸ್ತ್ರಕ್ರಿಯೆಯಿಂದಲೇ ಮೃತರಾದವರೂ ಇದ್ದರು. 1919ರಲ್ಲಿ ಅಮೆರಿಕದ ವೈದ್ಯ ಆಲ್ವಾರೆಜನು ಒಂದು ಸರಳವಾದ ಆಕ್ಷೇಪವನ್ನೆತ್ತಿದನು: ಮಲವಿಸರ್ಜನೆಯಾದೊಡನೆಯೇ ತಲೆನೋವು, ಬೇಸರ ಮೊದಲಾದವು ಮಾಯವಾಗುತ್ತವೆ, ರಕ್ತದಲ್ಲಿ ನಂಜು ಬೆರೆತಿದ್ದರೆ ಅಷ್ಟು ಬೇಗ ಇಳಿಯುವುದೆಂತು? ಕ್ರಮೇಣ ಆ ವಾದವು ವೈದ್ಯಶಾಸ್ತ್ರದಲ್ಲಿ ಮನ್ನಣೆಯನ್ನು ಕಳೆದುಕೊಂಡಿತು.

ಈ ಮಧ್ಯೆ ಇನ್ನೊಂದು ದಾರಿಯೂ ತೆರೆಯಿತು. ಮೊದಲನೆಯ ಮಹಾಯುದ್ಧದಲ್ಲಿ, ಸಂಗಡಿಗರಿಗೆ ತಗುಲಿದ ಕರುಳುಬೇನೆ ತನಗೆ ತಗುಲದಿದ್ದ ಒಬ್ಬ ಸೈನಿಕನ ಮಲದಿಂದ ಜರ್ಮನಿಯ ನಿಸ್ಲೆ ಎಂಬಾತನು 1917ರಲ್ಲಿ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಔಷಧವಾಗಿ ಬಳಸಿದನು. ಕರುಳಿನ ನಿವಾಸಿಗಳು ಹೊರಗಿನಿಂದ ಬರುವ ರೋಗಾಣುಗಳನ್ನು ತಡೆಯಬಲ್ಲವೆಂಬುದು ಅವನ ತರ್ಕ. ಮುಂದೆ, ಅಣುಜೀವಿಗಳ ಸೋಂಕೇ ಇಲ್ಲದಂತೆ ಬೆಳೆಸಿದ ಇಲಿಗಳಿಂದ ಪಾಸ್ತರನ ಊಹೆಯೂ ಪರೀಕ್ಷೆಗೊಳಗಾಯಿತು. ಅವು ಬದುಕಿದುವು, ಆದರೆ ಅವುಗಳ ರೋಗನಿರೋಧ ವ್ಯವಸ್ಥೆ ಸರಿಯಾಗಿ ಬೆಳೆಯಲಿಲ್ಲ, ಆಹಾರದಲ್ಲಿ ‘ಕೆ’ ಜೀವಸತ್ವವನ್ನು ಸೇರಿಸಬೇಕಾಯಿತು.

ಇಂದು ತಿಳಿದಿರುವಂತೆ, ನಾವು ಜೀರ್ಣಿಸಲಾರದ ನಾರನ್ನು ಈ ಬ್ಯಾಕ್ಟೀರಿಯಗಳು ಹುಳಿಯಿಸಿ ಕೆಲವು ಆಮ್ಲಗಳನ್ನುಂಟುಮಾಡುತ್ತವೆ. ಅವುಗಳಲ್ಲೊಂದಾದ ಬ್ಯುಟಿರಿಕ್ ಆಮ್ಲವು ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. 2016ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ದೇಹದಲ್ಲಿರುವ ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ, ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಒಂದಕ್ಕೆ ಹತ್ತು ಎಂದು ಬಹುಕಾಲ ಗ್ರಂಥಗಳಲ್ಲಿ ಹೇಳುತ್ತ ಬಂದ ಪ್ರಮಾಣ ಇದರಿಂದ ಬಿದ್ದುಹೋಯಿತು.

ಈ ಸಮೂಹದ ಬೆಲೆ ತಿಳಿಯುವುದು ಅದು ನಾಶವಾದಾಗ. ಆಂಟಿಬಯೋಟಿಕ್ ಔಷಧಗಳಿಂದ ಕರುಳಿನ ಬ್ಯಾಕ್ಟೀರಿಯಗಳು ಅಳಿದಾಗ ಕ್ಲಾಸ್ಟ್ರಿಡಿಯಂ ಡಿಫಿಸಿಲಿ ಎಂಬ ರೋಗಾಣು ಹಬ್ಬಿ, ಕಠಿಣವಾದ ಅತಿಸಾರವನ್ನುಂಟುಮಾಡುವುದು. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪ್ರಯೋಗದಲ್ಲಿ, ಈ ರೋಗ ಮರುಕಳಿಸಿದ್ದ 16 ಮಂದಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ನಳಿಕೆಯ ಮೂಲಕ ಕರುಳಿಗೆ ಸೇರಿಸಲಾಯಿತು. 13 ಮಂದಿ ಮೊದಲ ಸಲವೇ ಗುಣಹೊಂದಿದರು. ವ್ಯಾಂಕೊಮೈಸಿನ್ ಔಷಧವನ್ನು ಮಾತ್ರ ಪಡೆದ 13 ಮಂದಿಯಲ್ಲಿ ಗುಣಹೊಂದಿದವರು ನಾಲ್ವರು.

ಆದರೆ ಈ ಜಯವನ್ನು ಎಲ್ಲ ರೋಗಗಳಿಗೂ ಹಿಗ್ಗಿಸುವುದು ಮತ್ತೆ ಲೇನನ ಹಾದಿಯನ್ನೇ ಹಿಡಿದಂತೆ. 2019ರಲ್ಲಿ ಅಮೆರಿಕದಲ್ಲಿ ಇಂತಹ ಚಿಕಿತ್ಸೆಯ ಮೂಲಕ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ದೇಹವನ್ನು ಹೊಕ್ಕು ಒಬ್ಬ ರೋಗಿ ಮೃತನಾದನು. ಅಂದು ಕರುಳಿನ ಬ್ಯಾಕ್ಟೀರಿಯಗಳೆಲ್ಲ ಶತ್ರುಗಳೆಂದು ನಂಬಿದರು. ಇಂದು ಅವೆಲ್ಲ ಮಿತ್ರರೆಂದು ನಂಬುವ ಆತುರ ಕಾಣುತ್ತಿದೆ. ಎರಡೂ ಸಲ ಮಾಡಿದ ತಪ್ಪು ಒಂದೇ: ಅಲ್ಪ ಆಧಾರದಿಂದ ದೊಡ್ಡ ನಿರ್ಣಯಕ್ಕೆ ನೆಗೆಯುವುದು. ಆಧಾರವನ್ನು ತೂಗಿ ನೋಡಿದ ಮೇಲೆಯೇ ನಂಬಬೇಕೆಂಬ ನಿಯಮವನ್ನು ನಾವು ಶಾಸನಗಳನ್ನು ಓದುವಾಗ ಪಾಲಿಸುತ್ತೇವೆ. ದೇಹದ ವಿಷಯದಲ್ಲಿ ಅದನ್ನು ಇನ್ನೂ ಹೆಚ್ಚು ಎಚ್ಚರದಿಂದ ಪಾಲಿಸಬೇಕಾಗಿದೆ.